ತುಂಗಭದ್ರೆ ದಂಡೆಯ ಕೊಳವೆ ಬಾವಿಗೆ ಎರಿ ಮಣ್ಣಿನ ಕೆಸರು ಸಾಕೇ, ಬೆಂಟೋನೈಟೇ ಬೇಕೇ?

ರಾಣೇಬೆನ್ನೂರಿನ ರೈತ

ಎಲ್ಲರಿಗೂ ನಮಸ್ಕಾರ. ನಮ್ಮ ಹೊಲ ರಾಣೇಬೆನ್ನೂರು ತಾಲೂಕಿನಲ್ಲಿ ತುಂಗಭದ್ರೆಯ ದಂಡೆಗೆ ಹತ್ತಿಕೊಂಡೇ ಇದೆ. ಮೇಲೆ ಎರಿ ಮಣ್ಣು, ಅದರ ಕೆಳಗೆ ಮರಳು ಹಾಗೂ ಉರುಟುಗಲ್ಲು, ಅದಕ್ಕೂ ಕೆಳಗೆ ಕೊಳೆತ ಕಲ್ಲಿನ ಗರಸು. ಗಟ್ಟಿ ಕಲ್ಲು ತಾಗುವುದು ಸುಮಾರು 30 ಮೀಟರಿಗೆ. ಹೋದ ಬೇಸಿಗೆಯಲ್ಲಿ ಗಾಳಿಯ ಒತ್ತಡದಿಂದ ಬಡಿದು ಕೊರೆಯುವ ಹ್ಯಾಮರ್ ಗಾಡಿ ತರಿಸಿದ್ದೆವು. ಹ್ಯಾಮರ್ ಮರಳಿಗೆ ಇಳಿದ ಕೂಡಲೇ ಸುತ್ತಲಿನ ಗೋಡೆ ಕುಸಿಯತೊಡಗಿತು, ಗೋಡೆ ಬೀಳದಂತೆ ಇಳಿಸುವ ಕೇಸಿಂಗ್ ಪೈಪು ಅರ್ಧಕ್ಕೇ ಸಿಕ್ಕಿಕೊಂಡಿತು, ಗಾಡಿಯವರು ಕೊರೆದಷ್ಟಕ್ಕೆ ದುಡ್ಡು ತೆಗೆದುಕೊಂಡು ಹೊರಟುಹೋದರು.

ಈಗ ಬಡಿಯದೆ ತಿರುಗಿಸಿ ಕೊರೆಯುವ ರೋಟರಿ ಗಾಡಿಯವರೊಬ್ಬರು ಬರಲು ಒಪ್ಪಿದ್ದಾರೆ. ಕೆಸರು ತುಂಬಿಕೊಂಡೇ ಕೊರೆದರೆ ಮರಳು ಕುಸಿಯುವುದಿಲ್ಲವೆಂದು ಅವರು ಹೇಳುತ್ತಾರೆ. ಆದರೆ ಬೆಂಟೋನೈಟ್ ಎಂಬ ಉಬ್ಬುವ ಜೇಡಿ ಪುಡಿಯ ಚೀಲಕ್ಕೆ ಯಾಕೆ ಖರ್ಚು ಮಾಡುತ್ತೀರಿ, ನಿಮ್ಮ ಹೊಲದ ಎರಿ ಮಣ್ಣನ್ನೇ ಕಲಸಿ ಅದಕ್ಕೆ ಒಂದು ಬುಟ್ಟಿ ಸಗಣಿ ಸೇರಿಸಿದರೆ ಸಾಕು ಎಂಬುದು ಅವರ ಮಾತು. ಈ ಬಾವಿಯ ನೀರನ್ನು ಹೊಲಕ್ಕೂ ಮನೆಗೂ ಬಳಸುವವರಿದ್ದೇವೆ. ಎರಿ ಮಣ್ಣು ನಡೆಯುತ್ತದೆಯೇ? ನಡೆಯದಿದ್ದರೆ ಯಾಕೆ ನಡೆಯುವುದಿಲ್ಲ? ಬೆಂಟೋನೈಟ್ ತಂದರೆ ಎಷ್ಟು ಬೇಕು, ಹೇಗೆ ಕಲಸಬೇಕು? ತಿಳಿದವರು ದಯವಿಟ್ಟು ವಿವರವಾಗಿ ಬರೆಯಬೇಕೆಂದು ಕೇಳಿಕೊಳ್ಳುತ್ತೇನೆ.

ಹುಬ್ಬಳ್ಳಿಯ ರೋಟರಿ ಗಾಡಿಯವ

ಅಣ್ಣಾರೆ, ನಿಮ್ಮ ಜಾಗಕ್ಕೆ ಕೆಸರು ಬೇಕೇ ಬೇಕು, ಅದರಲ್ಲಿ ಎರಡು ಮಾತಿಲ್ಲ. ಕೆಸರು ಪೈಪಿನ ತುದಿಯ ಕೊರೆಯುವ ಬಿಟ್ಟನ್ನು ತಂಪಾಗಿಡುತ್ತದೆ, ಕೊರೆದ ಪುಡಿಯನ್ನು ಮೇಲಕ್ಕೆ ತರುತ್ತದೆ. ಇವೆರಡೂ ಎಲ್ಲರಿಗೂ ಗೊತ್ತಿರುವ ಸಂಗತಿ. ಗೋಡೆಯನ್ನು ಅದು ಹೇಗೆ ಹಿಡಿದು ನಿಲ್ಲಿಸುತ್ತದೆ ಎಂಬುದರ ಬಗ್ಗೆ ಮಾತ್ರ ನಮ್ಮ ಕೆಲಸಗಾರರಲ್ಲೇ ತಪ್ಪು ತಿಳಿವಳಿಕೆ ಇದೆ. ಕೆಸರು ದಪ್ಪಗಿದ್ದಷ್ಟೂ ಗೋಡೆ ಗಟ್ಟಿ ಎಂದು ಬಹಳ ಜನ ನಂಬಿದ್ದಾರೆ.

ನಿಜವಾಗಿ ಆಗುವುದು ಹೀಗೆ. ರಂಧ್ರದಲ್ಲಿ ಕೆಸರಿನ ಮಟ್ಟವು ಸುತ್ತಲಿನ ಅಂತರ್ಜಲದ ಮಟ್ಟಕ್ಕಿಂತ ಮೇಲಿರುವುದರಿಂದ ಒಳಗಿನ ಒತ್ತಡ ಹೊರಗಿನದಕ್ಕಿಂತ ಹೆಚ್ಚಾಗಿ, ಕೆಸರಿನ ನೀರು ಮರಳಿನೊಳಗೆ ನುಸುಳಲು ನೋಡುತ್ತದೆ. ನೀರು ನುಸುಳುವಾಗ ಅದರಲ್ಲಿದ್ದ ಜೇಡಿಯ ಕಣಗಳು ಮರಳಿನ ಬಾಯಿಯಲ್ಲೇ ಸಿಕ್ಕಿಕೊಂಡು ತೆಳುವಾದ ಪದರವಾಗಿ ಕೂಡುತ್ತವೆ. ಆ ಪದರ ನೀರಿನ ದಾರಿಯನ್ನು ಕಟ್ಟಿದ ಮೇಲೆ ಒಳಗಿನ ಒತ್ತಡವೆಲ್ಲ ಗೋಡೆಯ ಮೇಲೆಯೇ ಬಿದ್ದು ಮರಳನ್ನು ಅದರ ಜಾಗದಲ್ಲೇ ಒತ್ತಿ ಹಿಡಿಯುತ್ತದೆ. ಒಳ್ಳೆಯ ಪದರವೆಂದರೆ ಒಂದೆರಡು ಮಿಲಿಮೀಟರ್ ದಪ್ಪವಿದ್ದು ನುಣುಪಾಗಿ, ಬಿಗಿಯಾಗಿ ಇರಬೇಕು. ದಪ್ಪನೆಯ ಮೆತ್ತನೆಯ ಪದರ ಕೂತರೆ ಕೇಸಿಂಗ್ ಇಳಿಸುವಾಗ ತಡೆಯುತ್ತದೆ, ಬಾವಿ ಮುಗಿದ ಮೇಲೆ ತೊಳೆದರೂ ಹೋಗುವುದಿಲ್ಲ, ನೀರು ಬರುವ ಬಾಯಿಗಳನ್ನು ಅದೇ ಮುಚ್ಚಿಬಿಡುತ್ತದೆ.

ಆದ್ದರಿಂದ ನಮಗೆ ಬೇಕಾದದ್ದು ಕಡಿಮೆ ಜೇಡಿಯಲ್ಲಿ ಹೆಚ್ಚು ಕೆಲಸ ಮಾಡುವ ಹಗುರ ಕೆಸರು. ಎರಿ ಮಣ್ಣು ಸೋಲುವುದು ಇಲ್ಲಿಯೇ. ಒಂದು ಲೆಕ್ಕ ಕೊಡುತ್ತೇನೆ. ಒಂದು ಸಾವಿರ ಲೀಟರ್ ನೀರಿಗೆ 25 ಕಿಲೋ ಒಳ್ಳೆಯ ಬೆಂಟೋನೈಟ್ ಹಾಕಿದರೆ ಕೆಸರಿನ ಸಾಂದ್ರತೆ ಸುಮಾರು 1.015 ಆಗುತ್ತದೆ, ಅಂದರೆ ಒಂದು ಲೀಟರ್ ಕೆಸರು ತೂಗುವುದು ಒಂದು ಕಿಲೋಗಿಂತ ಬರೀ 15 ಗ್ರಾಂ ಹೆಚ್ಚು. ಅಷ್ಟೇ ಜಿಗುಟುತನಕ್ಕಾಗಿ ಎರಿ ಮಣ್ಣನ್ನು 200 ಕಿಲೋ ಸುರಿಯಬೇಕಾಗಿ ಬಂತೆಂದು ಇಟ್ಟುಕೊಳ್ಳಿ. ಆಗ ಸಾಂದ್ರತೆ 1.11 ದಾಟುತ್ತದೆ. ನಿಮ್ಮ 30 ಮೀಟರ್ ಆಳದಲ್ಲಿ ಇದು ಸುಮಾರು 3 ಮೀಟರ್ ನೀರಿನ ಕಂಬದಷ್ಟು ಹೆಚ್ಚಿನ ಒತ್ತಡ. ಆ ಒತ್ತಡವೇ ಕೆಸರನ್ನು ಜಲಪದರದ ಒಳಕ್ಕೆ ನೂಕುತ್ತದೆ. ನೀರಿನ ಬಾವಿಯ ಕೆಸರು 1.08 ದಾಟಬಾರದು ಎಂಬುದು ನಾವು ಪಾಲಿಸುವ ಮಿತಿ.

ಧಾರವಾಡದ ಭೂವಿಜ್ಞಾನ ಉಪನ್ಯಾಸಕಿ

ಮೇಲಿನ ವಿವರಣೆ ಸರಿಯಾಗಿದೆ. ಮಣ್ಣಿನ ಒಳಗಿನ ಕಾರಣವನ್ನು ನಾನು ಸೇರಿಸುತ್ತೇನೆ, ಏಕೆಂದರೆ ಎರಿ ಮಣ್ಣೇ ಸಾಕೆಂದು ರೈತರ ಗಾಡಿಯವರು ಹೇಳಿದ್ದರಲ್ಲಿ ಒಂದು ಎಳೆ ಸತ್ಯವೂ ಇದೆ.

ಬೆಂಟೋನೈಟಿನಲ್ಲಿ ಮುಖ್ಯವಾಗಿರುವ ಖನಿಜ ಮಾಂಟ್‌ಮೊರಿಲೊನೈಟ್. ಧಾರವಾಡ, ಗದಗ, ಹಾವೇರಿ ಭಾಗದ ಎರಿ ಮಣ್ಣು ಮಳೆಗೆ ಉಬ್ಬಿ, ಬೇಸಿಗೆಯಲ್ಲಿ ಕೈ ತೂರುವಷ್ಟು ಬಾಯಿ ಬಿಡುವುದು ಕೂಡ ಇದೇ ಕುಟುಂಬದ ಖನಿಜದಿಂದಲೇ. ಈ ಖನಿಜ ಹಾಳೆ ಹಾಳೆಯಾಗಿದ್ದು, ಒಂದೊಂದು ಹಾಳೆ ಸುಮಾರು 1 ನ್ಯಾನೋಮೀಟರ್ ದಪ್ಪವಿರುತ್ತದೆ. ಹಾಳೆಗಳ ಮೇಲೆ ಋಣ ವಿದ್ಯುದಂಶವಿರುವುದರಿಂದ ಅವುಗಳ ನಡುವೆ ಸೋಡಿಯಂ ಅಥವಾ ಕ್ಯಾಲ್ಸಿಯಂ ಅಯಾನುಗಳು ಕುಳಿತಿರುತ್ತವೆ. ಸೋಡಿಯಂ ಇದ್ದರೆ ಹಿಡಿತ ಸಡಿಲ. ನೀರು ಒಳನುಗ್ಗಿ ಹಾಳೆಗಳನ್ನು ಒಂದೊಂದಾಗಿ ಬಿಡಿಸಿಬಿಡುತ್ತದೆ. ಕ್ಯಾಲ್ಸಿಯಂಗೆ ಎರಡು ಧನ ಅಂಶಗಳಿರುವುದರಿಂದ ಅದು ಅಕ್ಕಪಕ್ಕದ ಹಾಳೆಗಳನ್ನು ಬಿಗಿಯಾಗಿ ಹಿಡಿದಿಡುತ್ತದೆ. ಮಣ್ಣು ಉಬ್ಬುತ್ತದೆ, ಆದರೆ ಬಿಡಿಬಿಡಿಯಾಗುವುದಿಲ್ಲ. ಕೆಸರಿನ ಕೆಲಸಕ್ಕೆ ಹೆಸರಾದ ಕಚ್ಛ್ ಮತ್ತು ಬಾಡಮೇರ್ ಕಡೆಯ ಒಳ್ಳೆಯ ಬೆಂಟೋನೈಟ್ ಸೋಡಿಯಂ ಬಗೆಯದು. ನಮ್ಮ ಎರಿ ಮಣ್ಣಿನಲ್ಲಿ ಬಹುಪಾಲು ಕ್ಯಾಲ್ಸಿಯಂ ಇದೆ. ಅದರ ಮೇಲೆ ಸುಣ್ಣದ ಹರಳು, ನುಸಿ ಮರಳು, ಬೇರಿನ ಚೂರು ಎಲ್ಲವೂ ಬೆರೆತಿರುತ್ತವೆ.

ರೈತ ಬಂಧುಗಳೇ, ನನ್ನ ಮಾತನ್ನು ಹಾಗೆಯೇ ಒಪ್ಪಬೇಕಿಲ್ಲ, ಮನೆಯಲ್ಲೇ ಪರೀಕ್ಷಿಸಿ ನೋಡಬಹುದು. 100 ಮಿ.ಲೀ. ಅಳತೆಯ ಗಾಜಿನ ಕೊಳವೆಗಳು ಎರಡು ಬೇಕು. ಬ್ಯಾಟರಿಗೆ ಹಾಕುವ ಶುದ್ಧ ನೀರನ್ನು ಎರಡರಲ್ಲೂ ತುಂಬಿರಿ. ಒಣಗಿಸಿ ಕುಟ್ಟಿ ಬಟ್ಟೆಯಲ್ಲಿ ಜರಡಿ ಹಿಡಿದ ಎರಿ ಮಣ್ಣು 2 ಗ್ರಾಂ, ಬೆಂಟೋನೈಟ್ 2 ಗ್ರಾಂ ತೆಗೆದುಕೊಂಡು, ಚಿಟಿಕೆ ಚಿಟಿಕೆಯಾಗಿ ಉದುರಿಸಿ, ಹಿಂದಿನದು ತಳಕ್ಕೆ ಇಳಿದ ಮೇಲೆಯೇ ಮುಂದಿನದನ್ನು ಹಾಕಿ. 24 ತಾಸು ಅಲುಗಿಸದೆ ಬಿಡಿ. ಒಳ್ಳೆಯ ಸೋಡಿಯಂ ಬೆಂಟೋನೈಟ್ 24 ಮಿ.ಲೀ. ಅಥವಾ ಅದಕ್ಕೂ ಮೇಲೆ ಉಬ್ಬಿ ನಿಲ್ಲುತ್ತದೆ.

ರಾಣೇಬೆನ್ನೂರಿನ ರೈತ

ಅಕ್ಕಾರೆ, ನೀವು ಹೇಳಿದಂತೆಯೇ ಮಾಡಿದೆನು. ಕೊಳವೆಗಳನ್ನು ನಮ್ಮ ಊರಿನ ಪ್ರೌಢಶಾಲೆಯ ಮೇಷ್ಟ್ರು ಕೊಟ್ಟರು. ಮರುದಿನ ನೋಡಿದಾಗ ಬೆಂಟೋನೈಟ್ 20ರ ಗೆರೆಯನ್ನು ದಾಟಿ, ಬೆಳ್ಳಗೆ ಮಬ್ಬಾಗಿ, ಅಲುಗಿಸಿದರೆ ಒಟ್ಟಾಗಿಯೇ ಅಲುಗುವ ಲೋಳೆಯಂತೆ ನಿಂತಿತ್ತು. ಎರಿ ಮಣ್ಣು ಹಾಕಿದ ಅಳತೆಗಿಂತ ಸ್ವಲ್ಪವೇ ಮೇಲೆ ಬಂದಿತ್ತು; ಅದರ ತಳದಲ್ಲಿ ನುಸಿ ಮರಳಿನ ಒಂದು ಬೂದು ಗೆರೆ ಬೇರೆಯಾಗಿಯೇ ಕಾಣುತ್ತಿತ್ತು. ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದ ನಮ್ಮ ತಂದೆಯವರು ಚೀಲವನ್ನೇ ತರಿಸು ಎಂದರು.

ಇನ್ನೊಂದು ಸಂಶಯವಿದೆ. ಹುಬ್ಬಳ್ಳಿಯ ಹಾರ್ಡ್‌ವೇರ್ ಅಂಗಡಿಯೊಂದರಲ್ಲಿ ಕರೆಂಟಿನ ಅರ್ಥಿಂಗ್‌ಗೆ ಹಾಕುವ ಬೆಂಟೋನೈಟ್ ಸಿಗುತ್ತದೆಂದು ಹೇಳಿದರು. ಅದನ್ನು ತರಬಹುದೇ?

ಹುಬ್ಬಳ್ಳಿಯ ರೋಟರಿ ಗಾಡಿಯವ

ಅದನ್ನು ತರಬೇಡಿ. ಕೆಲವು ಅರ್ಥಿಂಗ್ ಮಿಶ್ರಣಗಳಲ್ಲಿ ಇಂಗಾಲದ ಪುಡಿ, ಲವಣ ಬೆರೆಸಿರುತ್ತಾರೆ. ಲವಣ ಕೆಸರಿನ ವೈರಿ, ಮೇಲಾಗಿ ನೀವು ಅದೇ ಬಾವಿಯ ನೀರು ಕುಡಿಯುವವರು. ಕೊರೆಯುವ ಕೆಲಸಕ್ಕೆಂದೇ ಮಾರುವ ಸೋಡಿಯಂ ಬೆಂಟೋನೈಟನ್ನು ಕೇಳಿ ತರಿಸಿರಿ.

ನವಲಗುಂದದ ಗುತ್ತಿಗೆದಾರ

ಎಲ್ಲರೂ ಮಣ್ಣಿನ ಬಗ್ಗೆಯೇ ಬರೆಯುತ್ತಿದ್ದೀರಿ, ನೀರಿನ ಮಾತು ಬರಲೇ ಇಲ್ಲ. ಕೆಸರಿನಲ್ಲಿ ನೂರಕ್ಕೆ ತೊಂಬತ್ತೈದಕ್ಕಿಂತ ಹೆಚ್ಚಿನ ಪಾಲು ನೀರೇ ಅಲ್ಲವೇ? ನಮ್ಮ ನವಲಗುಂದ, ರೋಣ ಕಡೆಯ ಎರಿ ಭೂಮಿಯಲ್ಲಿ ಬಾವಿಯ ನೀರು ಸವುಳು ಎಂಬುದು ಎಲ್ಲರಿಗೂ ಗೊತ್ತು. ಹಿರಿಯರು ಕುಡಿಯುವುದಕ್ಕೆ ಕೆರೆಯನ್ನೇ ನಂಬಿದ್ದರು. ಇಂಥ ಸವುಳು ನೀರಿನಲ್ಲಿ ಎಷ್ಟು ಒಳ್ಳೆಯ ಬೆಂಟೋನೈಟ್ ಹಾಕಿದರೂ ಅದು ಬಿಡಿಸಿಕೊಳ್ಳದೆ, ಒಡೆದ ಹಾಲಿನಂತೆ ಚೂರು ಚೂರಾಗಿ ಮೇಲೆ ನೀರು, ಕೆಳಗೆ ಗಸಿ ಆಗುವುದನ್ನು ನಾನು ಕಣ್ಣಾರೆ ನೋಡಿದ್ದೇನೆ. ಚೀಲದ ಮೇಲೆ ಚೀಲ ಸುರಿಯುತ್ತ ಹೋಗುವುದು ಆಗ ಬರೀ ದಂಡ.

ಇಲ್ಲಿ ಎರಡು ದೋಷಗಳನ್ನು ಬೇರೆ ಬೇರೆಯಾಗಿ ನೋಡಬೇಕು. ಒಂದು ಗಡಸುತನ, ಅಂದರೆ ಕ್ಯಾಲ್ಸಿಯಂ ಮತ್ತು ಮೆಗ್ನೀಶಿಯಂ. ಇದಕ್ಕೆ ಸೋಡಾ ಆಶ್, ಅಂದರೆ ಒಣ ಸೋಡಿಯಂ ಕಾರ್ಬೊನೇಟ್ ಪುಡಿ, ಮದ್ದು. ನೀರಿನ ಗಡಸುತನ ಲೀಟರಿಗೆ 600 ಮಿಲಿಗ್ರಾಂ ಇದ್ದರೆ, ಸಾವಿರ ಲೀಟರಿಗೆ ಸುಮಾರು 640 ಗ್ರಾಂ ಸೋಡಾ ಆಶ್ ಬೇಕಾಗುತ್ತದೆ. ಬಟ್ಟೆ ತೊಳೆಯುವ ಹರಳಿನ ಸೋಡಾ ಬಳಸುವವರು ನೆನಪಿಡಬೇಕಾದ ಸಂಗತಿಯೆಂದರೆ, ಆ ಹರಳಿನ ತೂಕದಲ್ಲಿ ಮುಕ್ಕಾಲಿಗೆ ಹತ್ತಿರದ ಪಾಲು ಅಲ್ಲದಿದ್ದರೂ ಅರ್ಧಕ್ಕಿಂತ ಹೆಚ್ಚು ನೀರೇ ಇರುತ್ತದೆ. ಸೋಡಾ ಆಶ್‌ನ ಒಂದು ಕಿಲೋ ಕೆಲಸಕ್ಕೆ ಹರಳು ಸುಮಾರು 2.7 ಕಿಲೋ ಬೇಕು. ಎರಡನೆಯ ದೋಷ ಉಪ್ಪು. ಉಪ್ಪನ್ನು ಸೋಡಾ ಆಶ್ ತೆಗೆಯಲಾರದು. ಉಪ್ಪಿನ ನೀರಿರುವ ಕಡೆ ಟ್ಯಾಂಕರಿನಲ್ಲಿ ಕೆರೆಯ ನೀರನ್ನೋ ಕಾಲುವೆಯ ನೀರನ್ನೋ ತರಿಸುವುದೇ ಅಗ್ಗ. ರಾಣೇಬೆನ್ನೂರಿನ ಅಣ್ಣನವರಿಗೆ ಹೊಳೆ ಹತ್ತಿರವಿರುವುದರಿಂದ ಈ ತೊಂದರೆ ಇರಲಾರದು, ಆದರೂ ಗಡಸುತನವನ್ನು ಒಮ್ಮೆ ನೋಡಿಸುವುದು ಒಳ್ಳೆಯದು.

ಹುಬ್ಬಳ್ಳಿಯ ರೋಟರಿ ಗಾಡಿಯವ

ನವಲಗುಂದದವರ ಮಾತಿಗೆ ನನ್ನ ಪೂರ್ಣ ಒಪ್ಪಿಗೆ ಇದೆ. ಈಗ ಕಲಸುವ ವಿಷಯಕ್ಕೆ ಬರುತ್ತೇನೆ. ಎಲ್ಲಕ್ಕಿಂತ ಹೆಚ್ಚು ಕೆಡುವುದು ಈ ಹಂತದಲ್ಲಿಯೇ, ಆದ್ದರಿಂದ ಸ್ವಲ್ಪ ಉದ್ದಕ್ಕೆ ಬರೆಯುತ್ತೇನೆ.

ಮೊದಲು ಗುಂಡಿಯ ಅಳತೆ. ನೀವು 250 ಮಿ.ಮೀ. ಅಂದರೆ ಸುಮಾರು 10 ಇಂಚಿನ ರಂಧ್ರವನ್ನು 30 ಮೀಟರ್ ಕೊರೆದರೆ ಅದರೊಳಗೆ ಸುಮಾರು 1,470 ಲೀಟರ್ ಹಿಡಿಯುತ್ತದೆ. ಗುಂಡಿಗಳ ಒಟ್ಟು ಅಳತೆ ಇದರ ಮೂರು ಪಟ್ಟು ಇರಬೇಕು, ಅಂದರೆ ಸುಮಾರು 4,400 ಲೀಟರ್. ಎರಡು ಗುಂಡಿ ತೋಡಿರಿ: ಕೊರೆದ ಪುಡಿ ಕೂಡುವ ದೊಡ್ಡದು 2 ಮೀಟರ್ ಉದ್ದ, 1.2 ಮೀಟರ್ ಅಗಲ, 1.2 ಮೀಟರ್ ಆಳ. ಪಂಪು ಎಳೆಯುವ ಸಣ್ಣದು 1.5 ಮೀಟರ್ ಉದ್ದ, ಅಗಲ ಆಳ ಒಂದೊಂದು ಮೀಟರ್. ರಂಧ್ರದಿಂದ ಗುಂಡಿಗೆ ಹೋಗುವ ಕಾಲುವೆ ಉದ್ದವಾಗಿ, ತಿರುವು ಇರುವಂತೆ, ನಿಧಾನವಾಗಿ ಹರಿಯುವಂತೆ ಇರಲಿ. ಮರಳು ಕೂಡಬೇಕಾದದ್ದು ಅಲ್ಲಿಯೇ. ನಿಮ್ಮ ಮೇಲ್ಮಣ್ಣು ಎರಿಯಾದ್ದರಿಂದ ಗುಂಡಿಯೊಳಗೆ ತಾಡಪತ್ರಿ ಹಾಸಿರಿ. ಇಲ್ಲವಾದರೆ ಗುಂಡಿಯ ಗೋಡೆಯೇ ಕರಗಿ ಕೆಸರಿಗೆ ಸೇರುತ್ತದೆ.

ಗುಂಡಿಗೆ ಶುದ್ಧ ನೀರು ತುಂಬಿ ಮೊದಲು ಸೋಡಾ ಆಶ್ ಹಾಕಿ, ಪಂಪಿನಿಂದ ತಿರುಗಿಸಿರಿ. ಸಾಧಾರಣ ನೀರಿಗೆ ಸಾವಿರ ಲೀಟರಿಗೆ ಅರ್ಧದಿಂದ ಒಂದು ಕಿಲೋ ಸಾಕು. ನೀರಿನ ಪಿಎಚ್ 8.5ರಿಂದ 9.5ರ ನಡುವೆ ಬರಬೇಕು. ಪಿಎಚ್ ಕಾಗದ ಔಷಧ ಅಂಗಡಿಯಲ್ಲಿಯೋ ಪ್ರಯೋಗಾಲಯದ ಸಾಮಾನು ಮಾರುವವರಲ್ಲಿಯೋ ಸಿಗುತ್ತದೆ. ಅದಾದ ಮೇಲೆ ಬೆಂಟೋನೈಟ್. ಪಂಪಿನ ಹೊರ ಪೈಪಿಗೆ ವೆಂಚುರಿ ಹಾಪರ್, ಅಂದರೆ ಕೊರಳು ಕಿರಿದಾದ ಪೈಪಿನ ಮೇಲೆ ಕೂಡಿಸಿದ ಆಲಿಕೆ, ಜೋಡಿಸಿದರೆ ನೀರಿನ ವೇಗಕ್ಕೆ ಪುಡಿ ತಾನಾಗಿಯೇ ಎಳೆದುಕೊಂಡು ಹೋಗುತ್ತದೆ. ಹಾಪರ್ ಇಲ್ಲದಿದ್ದರೆ ಜೋರಾಗಿ ಬೀಳುವ ನೀರಿನ ಧಾರೆಗೆ ನೇರವಾಗಿ, ಕೈಯಿಂದ ತೆಳ್ಳಗೆ ಉದುರಿಸಬೇಕು. ಚೀಲ ಹರಿದು ಗುಂಡಿಗೆ ಸುರಿದರೆ ಪುಡಿಯ ಹೊರಭಾಗ ಮಾತ್ರ ನೆಂದು ಒಳಗೆ ಒಣ ಗಂಟು ಉಳಿಯುತ್ತದೆ. ಆ ಗಂಟುಗಳು ಮುಂದೆ ಎಷ್ಟು ತಿರುಗಿಸಿದರೂ ಒಡೆಯುವುದಿಲ್ಲ. ಜಾಳಿಗೆಗೆ ಸಿಕ್ಕಿ ಪಂಪನ್ನೂ ಕೆಡಿಸುತ್ತವೆ. ಪುಡಿ ಉದುರಿಸುವವರು ಮೂಗು ಬಾಯಿಗೆ ಸರಿಯಾದ ಮಾಸ್ಕ್ ಕಟ್ಟಿಕೊಳ್ಳಲೇಬೇಕು, ಆ ಧೂಳಿನಲ್ಲಿ ಸಿಲಿಕಾ ಇರುತ್ತದೆ.

ಸಾವಿರ ಲೀಟರಿಗೆ 25 ಕಿಲೋ ಲೆಕ್ಕದಲ್ಲಿ ಆರಂಭಿಸಿರಿ. ಗುಂಡಿ ಮತ್ತು ರಂಧ್ರ ಸೇರಿ ಸುಮಾರು 6,000 ಲೀಟರ್ ಆದರೆ 150 ಕಿಲೋ, ಅಂದರೆ 50 ಕಿಲೋದ ಮೂರು ಚೀಲ. ಉರುಟುಗಲ್ಲಿನ ಪದರಕ್ಕೆಂದು ಇನ್ನೆರಡು ಚೀಲ ಪಕ್ಕದಲ್ಲಿರಲಿ. ಕಲಸಿದ ಕೂಡಲೇ ಕೊರೆಯಲು ಹೊರಡಬೇಡಿ. ಕನಿಷ್ಠ ಅರ್ಧ ತಾಸಾದರೂ ತಿರುಗಿಸಬೇಕು. ಸಂಜೆ ಕಲಸಿ ರಾತ್ರಿಯಿಡೀ ನೆನೆಯಲು ಬಿಟ್ಟು ಬೆಳಿಗ್ಗೆ ಮತ್ತೆ ತಿರುಗಿಸಿ ಕೆಲಸಕ್ಕೆ ಹಚ್ಚುವುದು ಎಲ್ಲಕ್ಕಿಂತ ಉತ್ತಮ. ನೆನೆಯದ ಕೆಸರು ಗುಂಡಿಯಲ್ಲಿ ತೆಳ್ಳಗೆ ಕಾಣುತ್ತದೆ, ಅದನ್ನು ನೋಡಿ ಮತ್ತೆರಡು ಚೀಲ ಹಾಕುತ್ತಾರೆ, ರಂಧ್ರಕ್ಕೆ ಇಳಿದ ಮೇಲೆ ಎಲ್ಲವೂ ಒಟ್ಟಿಗೆ ಉಬ್ಬಿ ಪಂಪು ಎಳೆಯದಷ್ಟು ಗಟ್ಟಿಯಾಗುತ್ತದೆ.

ಇನ್ನು ಅಳತೆ. ಮಾರ್ಷ್ ಫನಲ್ ಎಂಬ ಆಲಿಕೆ ಇಲ್ಲದೆ ಕೆಸರಿನ ಕೆಲಸಕ್ಕೆ ಕೈ ಹಾಕಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. 1931ರಲ್ಲಿ ಹ್ಯಾಲನ್ ಮಾರ್ಷ್ ಅವರು ಪರಿಚಯಿಸಿದ ಈ ಸಾಧನದಲ್ಲಿ ಕೆಡಲು ಏನೂ ಇಲ್ಲ: 12 ಇಂಚು ಉದ್ದದ ಆಲಿಕೆ, ಕೆಳಗೆ 3/16 ಇಂಚು ಒಳಅಳತೆಯ 2 ಇಂಚಿನ ನಳಿಕೆ. 1,500 ಮಿ.ಲೀ. ಕೆಸರು ತುಂಬಿ, ಬೆರಳು ತೆಗೆದು, 946 ಮಿ.ಲೀ. ಹೊರಬೀಳಲು ಎಷ್ಟು ಸೆಕೆಂಡು ಹಿಡಿಯುತ್ತದೆ ಎಂದು ನೋಡಬೇಕು. ಸಾದಾ ನೀರಿಗೆ 26 ಸೆಕೆಂಡು. ಸಾಮಾನ್ಯ ಕೆಲಸಕ್ಕೆ ಕೆಸರು 32ರಿಂದ 38 ಸೆಕೆಂಡು ಬಂದರೆ ಸರಿ. ಸಡಿಲ ಮರಳಿಗೆ 45ರವರೆಗೂ ಹೋಗಬಹುದು, ದಪ್ಪ ಉರುಟುಗಲ್ಲಿಗೆ ಅದಕ್ಕಿಂತ ಹೆಚ್ಚು ಬೇಕಾದೀತು. ಕಟ್ಟಡದ ಪೈಲಿಂಗ್ ಕೆಲಸದವರು ಕೆಲವರು ಪೂರ್ತಿ ಒಂದು ಲೀಟರಿಗೆ ಸಮಯ ನೋಡುತ್ತಾರೆ, ಆಗ ನೀರಿಗೇ ಸುಮಾರು 28 ಸೆಕೆಂಡು ಬರುತ್ತದೆ. ಯಾವ ಅಳತೆ ಎಂದು ಕೇಳದೆ ಒಬ್ಬರ ಅಂಕಿಯನ್ನು ಇನ್ನೊಬ್ಬರದಕ್ಕೆ ಹೋಲಿಸಬೇಡಿ.

ತೂಕಕ್ಕೆ ಅಂಗಡಿಯ ಡಿಜಿಟಲ್ ತಕ್ಕಡಿಯೂ ಸರಿಯಾಗಿ ಒಂದು ಲೀಟರ್ ಹಿಡಿಯುವ ಡಬ್ಬಿಯೂ ಸಾಕು. ಫನಲ್ಲಿನ ಸಮಯ ಬದಲಾಗದೆ ತೂಕ ಮಾತ್ರ ಏರುತ್ತಿದ್ದರೆ ಕೆಸರಿನಲ್ಲಿ ಮರಳು ಸೇರುತ್ತಿದೆ ಎಂದರ್ಥ. ಗುಂಡಿಯ ತಳದ ಮರಳನ್ನು ಸಲಿಕೆಯಿಂದ ತೆಗೆಸಬೇಕು. ಕೆಸರಿನಲ್ಲಿ ಮರಳು ನೂರಕ್ಕೆ ಎರಡು ಪಾಲು ದಾಟಲು ಬಿಡಬಾರದು, ದಾಟಿದರೆ ಪಂಪಿನ ವಾಲ್ವುಗಳು ಸವೆಯುತ್ತವೆ.

ಹಾವೇರಿಯ ಹಳೆಯ ಕೈಬೋರಿನ ಮೇಸ್ತ್ರಿ

ತಮ್ಮಂದಿರೇ, ನೀವೆಲ್ಲ ಓದಿದವರು, ಅಳತೆ ಮಾಡಿ ಮಾತನಾಡುವವರು, ಅದು ಸಂತೋಷದ ಸಂಗತಿ. ಆದರೆ ಎರಿ ಮಣ್ಣಿನ ಕೆಸರಿನಲ್ಲಿ ಬಾವಿಯೇ ಆಗುವುದಿಲ್ಲ ಎಂಬಂತೆ ಬರೆಯಬಾರದು. ನಾವು ನಾಲ್ಕು ಇಂಚಿನ ರಂಧ್ರವನ್ನು ಹೊಳೆ ದಂಡೆಯಲ್ಲಿ ಕೈಯಿಂದಲೇ ಇಳಿಸುತ್ತಿದ್ದಾಗ ಬೆಂಟೋನೈಟಿನ ಹೆಸರನ್ನೇ ಕೇಳಿರಲಿಲ್ಲ. ಮೇಲಿನ ಬೇರುಮಣ್ಣು ತೆಗೆದು, ಮೊಣಕಾಲುದ್ದ ಕೆಳಗಿನ ಜಿಗುಟು ಎರಿಯನ್ನು ಮಾತ್ರ ಆರಿಸಿ, ಹಿಂದಿನ ದಿನವೇ ನೆನೆಹಾಕಿ, ಕಾಲಿನಿಂದ ತುಳಿದು, ಗೋಣಿತಟ್ಟಿನಲ್ಲಿ ಸೋಸಿ ಬಳಸುತ್ತಿದ್ದೆವು. ರಂಧ್ರದ ಬಾಯಿವರೆಗೆ ಕೆಸರು ತುಂಬಿದ್ದೇ ಇರಬೇಕು, ಊಟಕ್ಕೆ ಹೋಗುವಾಗಲೂ ಒಬ್ಬ ಅಲ್ಲಿ ನಿಂತು ತುಂಬುತ್ತಿರಬೇಕು ಎಂಬುದು ನಮ್ಮ ಗುರುಗಳ ಕಟ್ಟಪ್ಪಣೆಯಾಗಿತ್ತು.

ಹುಬ್ಬಳ್ಳಿಯ ರೋಟರಿ ಗಾಡಿಯವ

ಕಾಕಾರೆ, ನಿಮ್ಮ ಗುರುಗಳ ಕೊನೆಯ ಮಾತು ಇಂದಿಗೂ ಈ ಕೆಲಸದ ಮೊದಲ ನಿಯಮ. ಕೆಸರಿನ ಮಟ್ಟ ಇಳಿದರೆ ಎಷ್ಟೇ ಒಳ್ಳೆಯ ಬೆಂಟೋನೈಟ್ ಇದ್ದರೂ ಗೋಡೆ ನಿಲ್ಲುವುದಿಲ್ಲ. ಸಣ್ಣ ವ್ಯಾಸ, ಕಡಿಮೆ ಆಳ, ಆರಿಸಿ ಸೋಸಿದ ಮಣ್ಣು, ನಿಧಾನದ ಕೆಲಸ ಇರುವಲ್ಲಿ ಎರಿ ಮಣ್ಣು ನಡೆಯುತ್ತದೆ ಎಂಬುದನ್ನು ನಾನೂ ಒಪ್ಪುತ್ತೇನೆ. 10 ಇಂಚಿನ ರಂಧ್ರಕ್ಕೆ ಪಂಪಿನಿಂದ ಕೆಸರು ತಿರುಗಿಸುವಾಗ ಲೆಕ್ಕ ಬದಲಾಗುತ್ತದೆ. ನಾಲ್ಕೂವರೆ ಇಂಚಿನ ಪೈಪಿನ ಸುತ್ತ ಕೆಸರು ನಿಮಿಷಕ್ಕೆ 30 ಮೀಟರ್ ವೇಗದಲ್ಲಿ ಮೇಲೇರಬೇಕಾದರೆ ಪಂಪು ನಿಮಿಷಕ್ಕೆ ಸುಮಾರು 1,170 ಲೀಟರ್ ಕೊಡಬೇಕು. ಅಷ್ಟು ದೊಡ್ಡ ಪಂಪು ಇಲ್ಲದಿದ್ದರೆ 8 ಇಂಚಿಗೆ ಇಳಿಯುವುದು ಜಾಣತನ, ಆಗ ಸುಮಾರು 640 ಲೀಟರ್ ಸಾಕಾಗುತ್ತದೆ. ಹೆಚ್ಚು ಮಣ್ಣು ತುಂಬಿದ ಭಾರದ ಕೆಸರನ್ನು ಈ ವೇಗದಲ್ಲಿ ತಳ್ಳಲು ಹೋದರೆ ಪಂಪೂ ಸೋಲುತ್ತದೆ, ಜಲಪದರವೂ ಮುಚ್ಚುತ್ತದೆ.

ರಾಣೇಬೆನ್ನೂರಿನ ಅಣ್ಣಾರೆ, ನಿಮಗೆ ಇದರಿಂದಲೇ ಒಂದು ಮುಖ್ಯ ಸೂಚನೆ ಇದೆ. ನಿಮ್ಮ ಮೇಲ್ಪದರದ ಎರಿ ಮಣ್ಣನ್ನು ಕೊರೆಯುವಾಗ ಅದು ತಾನಾಗಿಯೇ ಕೆಸರಾಗಿ ತಿರುಗುವ ನೀರಿಗೆ ಸೇರುತ್ತದೆ. ಆದ್ದರಿಂದ ಎರಿಯ ಆಳದವರೆಗೆ ಸಾದಾ ನೀರಿನಲ್ಲಿಯೇ ಕೊರೆದು, ಅಲ್ಲಿಗೆ ದೊಡ್ಡ ವ್ಯಾಸದ ಒಂದು ತುಂಡು ಕೇಸಿಂಗ್ ನಿಲ್ಲಿಸಿ, ಆ ಕೊಳೆ ನೀರನ್ನೆಲ್ಲ ಹೊರಹಾಕಿ, ಮರಳು ಆರಂಭವಾಗುವಲ್ಲಿಂದ ಬೆಂಟೋನೈಟ್ ಕೆಸರನ್ನು ಹೊಸದಾಗಿ ತುಂಬಿರಿ. ಹೀಗೆ ಮಾಡಿದರೆ ಕೆಸರು ಕೊನೆಯವರೆಗೂ ಹಗುರವಾಗಿರುತ್ತದೆ.

ಗದಗಿನ ಹ್ಯಾಮರ್ ಗಾಡಿ ಮಾಲೀಕ

ಈ ಚರ್ಚೆಯನ್ನು ಓದಿ ಕಪ್ಪತಗುಡ್ಡದ ಕಡೆಯ ನಮ್ಮ ರೈತರು ತಮ್ಮ ಬೋರಿಗೂ ಬೆಂಟೋನೈಟ್ ಹಾಕಿಸಲು ಹೊರಡಬಾರದೆಂದು ಇದನ್ನು ಬರೆಯುತ್ತಿದ್ದೇನೆ. ನಮ್ಮ ಗದಗ ಜಿಲ್ಲೆಯ ಹೆಚ್ಚಿನ ಭಾಗದಲ್ಲಿ ನೀರು ಸಿಗುವುದು ಗಟ್ಟಿ ಕಲ್ಲಿನ ಬಿರುಕುಗಳಲ್ಲಿ. ಅಲ್ಲಿ ಗೋಡೆ ತಾನಾಗಿಯೇ ನಿಲ್ಲುತ್ತದೆ. ಗಾಳಿಯ ಹ್ಯಾಮರೇ ಸರಿ. ಕೆಸರು ಆ ಸಣ್ಣ ಬಿರುಕಿಗೆ ನುಗ್ಗಿ ಕುಳಿತರೆ ಅದನ್ನು ಹೊರಗೆ ತೆಗೆಯುವುದು ಬಹಳ ಕಷ್ಟ, ನೀರಿದ್ದ ಬೋರು ಒಣ ಬೋರಿನ ಲೆಕ್ಕಕ್ಕೆ ಸೇರುತ್ತದೆ. ಮೇಲಿನ ಸಡಿಲ ಮಣ್ಣಿಗಷ್ಟೇ ಕೆಸರು ಬಳಸಿದವರು ಕೇಸಿಂಗನ್ನು ಗಟ್ಟಿ ಕಲ್ಲಿಗೆ ಭದ್ರವಾಗಿ ಕೂಡಿಸಿ, ಒಳಗಿನ ಕೆಸರನ್ನು ಪೂರ್ತಿ ತೊಳೆದ ಮೇಲೆಯೇ ಹ್ಯಾಮರ್ ಇಳಿಸಬೇಕು. ಕೇಸಿಂಗಿನ ಸುತ್ತ ಸಿಮೆಂಟ್ ಹಾಕುವವರು ಅದು ಕೆಸರಿಗೆ ಬೆರೆಯದಂತೆ ನೋಡಿಕೊಳ್ಳಬೇಕು. ಸಿಮೆಂಟಿನ ಕ್ಯಾಲ್ಸಿಯಂ ಬೆಂಟೋನೈಟನ್ನು ಕೂಡಲೇ ಗಟ್ಟಿಸಿಬಿಡುತ್ತದೆ.

ಹಾವೇರಿಯ ನೀರು ಪರೀಕ್ಷಾ ಸಹಾಯಕಿ

ಸಗಣಿಯ ವಿಷಯಕ್ಕೆ ಯಾರೂ ಉತ್ತರಿಸದಿರುವುದು ನೋಡಿ ಬರೆಯುತ್ತಿದ್ದೇನೆ. ಸಗಣಿಯ ನಾರು ಮರಳಿನ ಸಂದುಗಳನ್ನು ಮುಚ್ಚಿ ಕೆಸರು ಸೋರುವುದನ್ನು ತಡೆಯುತ್ತದೆ ಎಂಬುದು ನಿಜ, ಹಿಂದಿನವರು ಅದನ್ನು ಬಳಸಿದ್ದು ಅದಕ್ಕಾಗಿಯೇ. ಆದರೆ ಮನೆಯವರು ಕುಡಿಯುವ ನೀರಿನ ಬಾವಿಗೆ ಕರುಳಿನ ರೋಗಾಣುಗಳನ್ನು ನಾವೇ 30 ಮೀಟರ್ ಆಳಕ್ಕೆ ಇಳಿಸಿದಂತಾಗುತ್ತದೆ. ದಯವಿಟ್ಟು ಹಾಕಬೇಡಿ. ಕೆಸರಿಗೆ ಗೋರಿಕಾಯಿ ಜಾತಿಯ ಬೀಜದ ಗೌರ್ ಗಮ್ ಬಳಸುವವರೂ ಎಚ್ಚರದಿಂದಿರಬೇಕು, ಅದು ಬ್ಯಾಕ್ಟೀರಿಯಾಗಳಿಗೆ ಒಳ್ಳೆಯ ಆಹಾರ.

ಏನೂ ಬೆರೆಸದಿದ್ದರೂ ತೆರೆದ ಗುಂಡಿಯ ಕೆಸರು ಶುದ್ಧವಲ್ಲ. ಬಾವಿಯನ್ನು ಪೂರ್ತಿ ತೊಳೆದಾದ ಮೇಲೆ ಕ್ಲೋರಿನ್ ಹಾಕಲೇಬೇಕು. ಬಾವಿಯಲ್ಲಿ ನಿಂತ ನೀರಿನ ಪ್ರತಿ ಸಾವಿರ ಲೀಟರಿಗೆ, 25 ಶೇಕಡಾ ಕ್ಲೋರಿನ್ ಇರುವ ಬ್ಲೀಚಿಂಗ್ ಪುಡಿ 200 ಗ್ರಾಂ ಹಾಕಿದರೆ ಲೀಟರಿಗೆ 50 ಮಿಲಿಗ್ರಾಂ ಆಗುತ್ತದೆ. ಪುಡಿಯನ್ನು ಬಕೆಟ್ಟಿನಲ್ಲಿ ಕದಡಿ, ಗಸಿ ಬಿಟ್ಟು ತಿಳಿಯನ್ನು ಮಾತ್ರ ಹಾಕಿ, 12ರಿಂದ 24 ತಾಸು ಬಿಟ್ಟು, ವಾಸನೆ ಹೋಗುವವರೆಗೆ ನೀರನ್ನು ಹೊರಚೆಲ್ಲಿ, ಆಮೇಲೆ ಪರೀಕ್ಷೆಗೆ ಮಾದರಿ ಕಳಿಸಿರಿ. ಹಳೆಯ ದಾಸ್ತಾನಿನ ಪುಡಿಯಲ್ಲಿ ಕ್ಲೋರಿನ್ ಹಾರಿಹೋಗಿರುತ್ತದೆ, ಹೊಸ ಪೊಟ್ಟಣವನ್ನೇ ಬಳಸಿರಿ.

ರಾಣೇಬೆನ್ನೂರಿನ ರೈತ

ಸಗಣಿಯ ವಿಚಾರ ಮನಸ್ಸಿನಲ್ಲಿ ಕೊರೆಯುತ್ತಿತ್ತು, ಬಿಡಿಸಿ ಹೇಳಿದ್ದಕ್ಕೆ ಉಪಕಾರವಾಯಿತು ಅಕ್ಕಾರೆ. ಗಾಡಿಯವರಿಗೂ ಈ ಬರಹಗಳನ್ನು ಓದಿ ಹೇಳಿದೆನು. ಎರಿ ಪದರಕ್ಕೆ ಬೇರೆ ಕೇಸಿಂಗ್ ಹಾಕಲು ಒಪ್ಪಿದ್ದಾರೆ. ಉಳಿದದ್ದು ಎರಡು ಪ್ರಶ್ನೆ. ಕೊರೆದು ಮುಗಿದ ಮೇಲೆ ಗೋಡೆಗೆ ಕೂತ ಆ ಪದರವನ್ನು ತೆಗೆಯುವುದು ಹೇಗೆ? ಗುಂಡಿಯಲ್ಲಿ ಉಳಿದ ಕೆಸರನ್ನು ಏನು ಮಾಡಬೇಕು, ಹೊಳೆಗೆ ಬಿಡಬಹುದೇ?

ಹುಬ್ಬಳ್ಳಿಯ ರೋಟರಿ ಗಾಡಿಯವ

ಹೊಳೆಗೆ ಖಂಡಿತ ಬಿಡಬೇಡಿ. ಅದನ್ನು ಆಮೇಲೆ ಹೇಳುತ್ತೇನೆ.

ಕೊರೆತ ಮುಗಿದ ಕೂಡಲೇ ಪೈಪನ್ನು ತಳದಲ್ಲೇ ಇಟ್ಟು, ಬಿಟ್ಟನ್ನು ಸ್ವಲ್ಪ ಎತ್ತಿ, ಕೆಸರಿಗೆ ನಿಧಾನವಾಗಿ ಶುದ್ಧ ನೀರು ಸೇರಿಸುತ್ತ ತಿರುಗಿಸಿ ತೆಳುಮಾಡಿರಿ. ಒಮ್ಮೆಲೇ ನೀರು ತುಂಬಿದರೆ ಗೋಡೆ ಬೀಳುತ್ತದೆ. ಫನಲ್ಲಿನಲ್ಲಿ 30 ಸೆಕೆಂಡಿನ ಹತ್ತಿರ ಬಂದ ಮೇಲೆ ನೀರು ಒಳಬರಲು ಸೀಳುಗಳಿರುವ ಜಾಳಿಗೆ ಪೈಪು ಸೇರಿದ ಕೇಸಿಂಗ್ ಇಳಿಸಿ, ಸುತ್ತಲೂ ತೊಳೆದ ಗುಂಡು ಜಲ್ಲಿಯನ್ನು ಸ್ವಲ್ಪ ಸ್ವಲ್ಪವಾಗಿ ತುಂಬಿರಿ. ಅದೇ ದಿನ ತೊಳೆಯಲು ಆರಂಭಿಸಬೇಕು, ತಡವಾದಷ್ಟೂ ಪದರ ಬಿಗಿಯುತ್ತದೆ. ಬರೀ ಕಂಪ್ರೆಸರ್ ಹಚ್ಚಿ ಮೇಲಕ್ಕೆ ಊದಿದರೆ ಸಾಲದು. ನೀರು ಜಾಳಿಗೆಯ ಹೊರಕ್ಕೂ ಒಳಕ್ಕೂ ಓಡಾಡಬೇಕು: ಗಾಳಿ ಬಿಟ್ಟು ನೀರನ್ನೆತ್ತಿ, ನಿಲ್ಲಿಸಿ, ಅದು ಹಿಂದಕ್ಕೆ ಬೀಳಲು ಬಿಟ್ಟು, ಮತ್ತೆ ಎತ್ತಬೇಕು. ಜಾಳಿಗೆ ಇರುವ ಆಳದಲ್ಲೆಲ್ಲ ಹೀಗೆ ಮೀಟರಿನಿಂದ ಮೀಟರಿಗೆ ಮಾಡಿ, ಬಕೆಟ್ಟಿನಲ್ಲಿ ಹಿಡಿದ ನೀರಿನ ತಳದಲ್ಲಿ ಮರಳು ಕಾಣದಂತಾಗುವವರೆಗೆ ಬಿಡಬಾರದು. ಪದರ ಬಿಡಿಸಲು ಹಿಂದೆ ಸೋಡಿಯಂ ಹೆಕ್ಸಾಮೆಟಾಫಾಸ್ಫೇಟ್ ಹಾಕುತ್ತಿದ್ದರು. ಫಾಸ್ಫೇಟ್ ಉಳಿದುಕೊಂಡರೆ ಬ್ಯಾಕ್ಟೀರಿಯಾ ಬೆಳೆಯಲು ಅನುಕೂಲವಾಗುವುದರಿಂದ ಈಗ ಫಾಸ್ಫೇಟ್ ಇಲ್ಲದ ಬಿಡಿಸುವ ದ್ರಾವಣಗಳನ್ನೇ ಬಳಸುವುದು ಒಳ್ಳೆಯದು. ನಿಮ್ಮ ಕೆಸರು ಹಗುರವಾಗಿದ್ದರೆ ಅದರ ಅಗತ್ಯವೂ ಬೀಳದಿರಬಹುದು.

ಗುಂಡಿಯ ಕೆಸರು ಹೊಳೆಗೆ ಹೋದರೆ ನೀರು ಬಹಳ ದೂರದವರೆಗೆ ಕದಡುತ್ತದೆ, ಮೀನುಗಳಿಗೆ ಉಸಿರಾಟ ಕಷ್ಟವಾಗುತ್ತದೆ. ಹೊಲದ ಮೇಲೆ ಹರಡಿದರೆ ಮೊದಲೇ ನೀರು ಬಸಿಯದ ಎರಿ ಇನ್ನಷ್ಟು ಬಿಗಿಯುತ್ತದೆ. ಅದನ್ನು ಅಲ್ಲಿಯೇ ಬಿಸಿಲಿಗೆ ಒಣಗಲು ಬಿಟ್ಟು, ತಾಡಪತ್ರಿ ಎತ್ತಿ, ತೋಡಿದ ಮಣ್ಣನ್ನೇ ಮೇಲೆ ಹಾಕಿ ಮುಚ್ಚಿ ತುಳಿಸಿರಿ. ಒಣಗುವವರೆಗೂ ಸುತ್ತ ಮುಳ್ಳುಬೇಲಿ ಇರಲೇಬೇಕು. ಮೇಲೆ ಕೆನೆಗಟ್ಟಿದ ಕೆಸರು ನೆಲದಂತೆಯೇ ಕಾಣುತ್ತದೆ, ಕರುವೋ ಮಗುವೋ ಕಾಲಿಟ್ಟರೆ ತಾನಾಗಿ ಹೊರಬರಲಾಗದು. ಕೊಳವೆ ಬಾವಿಗಳ ಬಗ್ಗೆ ಸುಪ್ರೀಂ ಕೋರ್ಟು 2010ರಲ್ಲಿ ಕೊಟ್ಟ ನಿರ್ದೇಶನಗಳಲ್ಲಿಯೂ ಕೆಲಸ ಮುಗಿದ ಮೇಲೆ ಕೆಸರಿನ ಗುಂಡಿ ಹಾಗೂ ಕಾಲುವೆಗಳನ್ನು ಮುಚ್ಚಬೇಕೆಂದು, ಬಿಟ್ಟುಹೋದ ಬೋರನ್ನು ತಳದಿಂದ ನೆಲಮಟ್ಟದವರೆಗೆ ತುಂಬಬೇಕೆಂದು ಸ್ಪಷ್ಟವಾಗಿ ಹೇಳಿದೆ. ಹೋದ ಬೇಸಿಗೆಯಲ್ಲಿ ಕೇಸಿಂಗ್ ಸಿಕ್ಕಿಕೊಂಡ ನಿಮ್ಮ ಆ ಹಳೆಯ ರಂಧ್ರ ಇನ್ನೂ ಬಾಯಿ ತೆರೆದುಕೊಂಡಿದ್ದರೆ, ಹೊಸ ಬಾವಿಗೆ ಗಾಡಿ ಬರುವ ಮುಂಚೆಯೇ ಅದನ್ನು ಜೇಡಿ, ಮರಳು ಹಾಕಿ ತಳದಿಂದ ತುಂಬಿಸಿರಿ. ಹತ್ತಿರದಲ್ಲಿ ತೆರೆದ ರಂಧ್ರವಿದ್ದರೆ ಹೊಸ ಬಾವಿಯ ಕೆಸರು ಮರಳಿನ ಮೂಲಕ ಅದರೊಳಕ್ಕೆ ಸೋರಿ ಮಟ್ಟ ಇಳಿಯುವ ಸಂಭವವೂ ಇದೆ.

ರಾಣೇಬೆನ್ನೂರಿನ ರೈತ

ಹಳೆಯ ರಂಧ್ರದ ಮೇಲೆ ಸದ್ಯಕ್ಕೆ ಚಪ್ಪಡಿ ಕಲ್ಲು ಎಳೆದಿದ್ದೇವೆ, ತುಂಬಿಸಿಲ್ಲ. ಹೊಸ ಜಾಗ ಅದರಿಂದ ಹತ್ತು ಹೆಜ್ಜೆ ದೂರವೂ ಇಲ್ಲ. ನಾಳೆಯೇ ಟ್ರ್ಯಾಕ್ಟರಿನಲ್ಲಿ ಮರಳು ತರಿಸಿ ಮೊದಲು ಅದನ್ನು ತುಂಬಿಸುತ್ತೇವೆ, ಹೊಸ ಬಾವಿಯ ಜಾಗವನ್ನೂ ಇನ್ನಷ್ಟು ದೂರಕ್ಕೆ ಸರಿಸುತ್ತೇವೆ.